ತಂತಿ ಕೂಡಿದೆ, ಸಿಗ್ನಲ್ ಯಾಕೆ ಬರಲ್ಲ?

ಚನ್ನಪಟ್ಟಣ ಇರಲಿ, ಕನಕಪುರ ಇರಲಿ, ಈ ರಿಪೇರಿ ನೀವು ನೋಡಿರ್ತೀರಿ. ಡಿಶ್‌ನಿಂದ ಇಳಿಯೋ ಕೇಬಲ್ ಮಧ್ಯದಲ್ಲಿ ತುಂಡಾಗಿರುತ್ತೆ. ಯಾರೋ ಎರಡೂ ತುದಿ ಸುಲಿದು, ತಿರುಚಿ, ಟೇಪ್ ಸುತ್ತಿರ್ತಾರೆ. ಮಲ್ಟಿಮೀಟರ್ ಇಟ್ರೆ ‘ಬೀಪ್’ ಅನ್ನುತ್ತೆ, ತಂತಿ ಕೂಡಿದೆ. ಆದ್ರೂ ಕೆಲವು ಚಾನೆಲ್ ಬರುತ್ತೆ, ಕೆಲವು ಬರಲ್ಲ.

ಮೀಟರ್ ಸುಳ್ಳು ಹೇಳ್ತಿಲ್ಲ. ಅದು ನೋಡೋದು ಬ್ಯಾಟರಿ ಕರೆಂಟ್ ಮಾತ್ರ. ಡಿಶ್ ಕೇಬಲ್‌ನಲ್ಲಿ ಓಡೋದು 950ರಿಂದ 2150 ಮೆಗಾಹರ್ಟ್ಸ್‌ನ ಅಲೆ. ಕೇಬಲ್ ಒಳಗೆ ಆ ಅಲೆಯ ಉದ್ದ ಸುಮಾರು 11ರಿಂದ 25 ಸೆಂಟಿಮೀಟರ್. ಅದರ ಮುಂದೆ ಮೂರು ಸೆಂಟಿಮೀಟರ್ ತಿರುಚು ಸಣ್ಣದಲ್ಲ.

ಈ ಕೇಬಲ್‌ಗೆ 75 ಓಮ್ ಅಂತಾರಲ್ಲ, ಅದು ಮಲ್ಟಿಮೀಟರ್‌ನಲ್ಲಿ ಕಾಣೋ ತಡೆ ಅಲ್ಲ. ಒಳಗಿನ ತಂತಿ ಎಷ್ಟು ದಪ್ಪ, ಹೊರಗಿನ ಜಾಲರಿ ಅದರಿಂದ ಎಷ್ಟು ದೂರ, ನಡುವೆ ಏನು ತುಂಬಿದೆ, ಅದರ ಮೇಲೆ ನಿಲ್ಲುತ್ತೆ. ತಿರುಚಿದ ಜಾಗದಲ್ಲಿ ಆ ಅಂತರವೇ ಕೆಟ್ಟಿರುತ್ತೆ. ದಪ್ಪ ಹಗ್ಗಕ್ಕೆ ತೆಳು ದಾರ ಗಂಟು ಹಾಕಿ ಒಮ್ಮೆ ಜಾಡಿಸಿ ನೋಡಿ. ಗಂಟಿನ ಹತ್ರ ಅಲೆ ಸ್ವಲ್ಪ ಮುಂದೆ ಹೋಗುತ್ತೆ, ಸ್ವಲ್ಪ ನಿಮ್ಮ ಕೈಗೇ ವಾಪಸ್ ಬರುತ್ತೆ. ನಾನು ಬಿ.ಕಾಂ. ಓದಿದವನು, ನನಗಿದು ಅರ್ಧಂಬರ್ಧ ಬೌನ್ಸ್ ಆದ ಚೆಕ್ ಥರ.

ಹೋಗೋ ಅಲೆ, ವಾಪಸ್ ಬರೋ ಅಲೆ ಎರಡೂ ಸೇರಿದಾಗ ಕೇಬಲ್‌ನ ಕೆಲವು ಜಾಗದಲ್ಲಿ ವೋಲ್ಟೇಜ್ ಏರುತ್ತೆ, ಕೆಲವು ಕಡೆ ಇಳಿಯುತ್ತೆ. ಈ ಏರಿಳಿತ ಸರಿಯಲ್ಲ, ಅಲ್ಲಲ್ಲೇ ನಿಂತಿರುತ್ತೆ. ಅದೇ ಸ್ಟ್ಯಾಂಡಿಂಗ್ ವೇವ್. ಗರಿಷ್ಠವನ್ನ ಕನಿಷ್ಠದಿಂದ ಭಾಗಿಸಿದ್ರೆ ಎಸ್‌ಡಬ್ಲ್ಯುಆರ್. ಅದು 1.5 ಇದ್ರೆ ನೂರು ವ್ಯಾಟ್‌ನಲ್ಲಿ 4 ವ್ಯಾಟ್ ವಾಪಸ್, 3 ಆದ್ರೆ 25 ವ್ಯಾಟ್. ಫ್ರೀಕ್ವೆನ್ಸಿ ಬದಲಾದ್ರೆ ಏರು, ತಗ್ಗಿನ ಜಾಗವೂ ಬದಲಾಗುತ್ತೆ. ಅದಕ್ಕೇ ಒಂದು ಚಾನೆಲ್ ಬರುತ್ತೆ, ಪಕ್ಕದ್ದು ಬರಲ್ಲ.

ಟಿವಿಯಲ್ಲಾದ್ರೆ ಸೀರಿಯಲ್ ಹೋಯ್ತು, ಅಷ್ಟೆ. ಬಿಡದಿಗೂ ಮಾಗಡಿ ರಸ್ತೆಗೂ ನಡುವೆ ಬ್ಯಾಲಾಳು ಇದೆ. ಅಲ್ಲಿ ಇಸ್ರೋದ 18 ಮತ್ತು 32 ಮೀಟರ್ ಆಂಟೆನಾಗಳಿವೆ. 2008ರ ಚಂದ್ರಯಾನ-1ರ ಹೊತ್ತಿಗೆ ಶುರುವಾದ ಜಾಗ. ಚಂದ್ರ ಸರಾಸರಿ 3.84 ಲಕ್ಷ ಕಿ.ಮೀ. ದೂರ. ಅಲ್ಲಿಂದ ಬರೋ ಸಿಗ್ನಲ್ ಮೊದಲೇ ಬಡಪಾಯಿ, ದಾರಿಯ ಜಾಯಿಂಟ್‌ನಲ್ಲಿ ಕಳ್ಕೊಳ್ಳೋಕೆ ಏನೂ ಉಳಿದಿರಲ್ಲ. ಕಳಿಸುವಾಗ ಕಷ್ಟ ಬೇರೆ: ಸಾವಿರಾರು ವ್ಯಾಟ್ ವಾಪಸ್ ತಿರುಗಿದ್ರೆ ಆಂಪ್ಲಿಫೈಯರೇ ಸುಡಬಹುದು. ಹಾಗಾಗಿ ದೊಡ್ಡ ಟ್ರಾನ್ಸ್‌ಮಿಟರ್‌ಗಳಲ್ಲಿ ಸರ್ಕ್ಯುಲೇಟರ್ ಅಂತ ಒಂದು ಭಾಗ ಹಾಕ್ತಾರೆ. ಒನ್-ವೇ ಸರ್ಕಲ್ ಥರ, ವಾಪಸ್ ಬಂದ ಶಕ್ತಿಯನ್ನ ಪಕ್ಕದ ಡಮ್ಮಿ ಲೋಡ್‌ಗೆ ತಿರುಗಿಸುತ್ತೆ, ಅಲ್ಲಿ ಅದು ಬಿಸಿಯಾಗಿ ಮುಗಿಯುತ್ತೆ.

ಮನೆಗೆ ಇಷ್ಟೆಲ್ಲ ಬೇಡ. ತಿರುಚೋ ಬದಲು ಎರಡು ಎಫ್-ಕನೆಕ್ಟರ್, ನಡುವೆ ಒಂದು ಜಾಯಿನರ್ ಹಾಕಿಸಿ. ಇನ್ನೊಂದು, ಕೇಬಲ್ ಟಿವಿ ಸ್ಪ್ಲಿಟರ್‌ನಲ್ಲಿ ಖಾಲಿ ಬಿಟ್ಟ ಪೋರ್ಟ್ ಇದ್ರೆ ಅದಕ್ಕೆ 75 ಓಮ್ ಟರ್ಮಿನೇಟರ್ ಕ್ಯಾಪ್ ಹಾಕಿ. ಖಾಲಿ ಬಾಯಿಂದಲೂ ಅಲೆ ವಾಪಸ್ ಬರುತ್ತೆ.