ನೆರಳು ಎಂಬ ಒಂದೇ ಪದ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಛಾಯಾಚಿತ್ರ ಸ್ಪರ್ಧೆಯ ಬಹುಮಾನ ವಿತರಣೆಯ ದಿನ ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ರಜೆಯ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳನ್ನು ಸುತ್ತಿದವನು. ಅಷ್ಟೇ ಅರ್ಹತೆಯ ಮೇಲೆ ಸಮಿತಿಯವರು ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದರು.

ಸ್ಪರ್ಧೆಗೆ ಕೊಟ್ಟ ವಿಷಯ ಒಂದೇ ಪದ: ‘ನೆರಳು’. ಬೇರೇನೂ ವಿವರಣೆ ಇರಲಿಲ್ಲ. “ಇಷ್ಟ ಹೇಳಿದ್ರ ಏನ್ ತಗೀಬೇಕ್ರಿ?” ಎಂದು ಫೋನ್ ಮಾಡಿ ಕೇಳಿದವರು ಬಹಳ. ಬಂದ ಚಿತ್ರಗಳಲ್ಲಿ ಹೆಚ್ಚಿನವು ಮರದವು. ಮರ, ಅದರ ಕೆಳಗೆ ಒಂದು ಎತ್ತು, ಇಲ್ಲವೇ ಮಲಗಿದ ನಾಯಿ. ತಪ್ಪೇನಲ್ಲ, ಮರದ ಕೆಳಗೆ ನೆರಳು ಇದ್ದೇ ಇರುತ್ತದೆ. ಆದರೆ ಅಲ್ಲಿ ಪದ ಬರೀ ಹೆಸರಾಗಿ ನಿಂತುಬಿಡುತ್ತದೆ.

ಮಕ್ಕಳೇ, ಇಂಥ ಒಂದು ಪದ ಕೈಗೆ ಸಿಕ್ಕಾಗ ಮೊದಲು ಕ್ಯಾಮೆರಾ ಹಿಡಿಯಬೇಡಿ. ಒಂದು ಹಾಳೆ ಹಿಡಿಯಿರಿ. ಆ ಪದವನ್ನು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರು ಯಾವಾಗ ಬಳಸುತ್ತಾರೆ ಎಂದು ಬರೆಯಿರಿ. “ಅಪ್ಪನ ನೆರಳಾಗ ಬೆಳದಾಂವ.” “ನೆರಳಿನ ಹಂಗ ಬೆನ್ನ ಹತ್ಯಾನ.” “ಅವನ ನೆರಳೂ ಬ್ಯಾಡ ನನಗ.” ನೆರಳು ತಾಗಿದರೆ ಮೈಲಿಗೆ ಎಂದು ಮನುಷ್ಯರನ್ನು ದೂರ ನಿಲ್ಲಿಸಿದ ಕಾಲವೂ ನಮ್ಮ ನಾಡಿನಲ್ಲಿತ್ತು. ತಂಪು ಕೊಡುವುದೂ ಅದೇ ಪದ, ಸುಡುವುದೂ ಅದೇ ಪದ. ಹಾಳೆ ತುಂಬುವ ಹೊತ್ತಿಗೆ ನಿಮ್ಮ ಮುಂದೆ ಹತ್ತು ಚಿತ್ರಗಳು ನಿಂತಿರುತ್ತವೆ.

ಇನ್ನೊಂದು ಮಾತು. 1839ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಬಳಕೆಗೆ ತಂದ ‘ಫೋಟೋಗ್ರಫಿ’ ಎಂಬ ಪದಕ್ಕೆ ಬೆಳಕಿನಿಂದ ಬರೆಯುವುದು ಎಂದರ್ಥ. ನಾವು ಅದನ್ನು ಕರೆದದ್ದು ಛಾಯಾಚಿತ್ರ ಎಂದು. ಛಾಯೆ ಎಂದರೆ ನೆರಳು. ಅವರು ಬೆಳಕನ್ನು ಹಿಡಿದರು, ನಾವು ನೆರಳನ್ನು ಹಿಡಿದೆವು. ಎರಡೂ ನಿಜ. ಹಾನಗಲ್ಲ ತಾರಕೇಶ್ವರ ಗುಡಿಯ ಮಾಡಿನಲ್ಲಿ ಕೆತ್ತಿದ ದೊಡ್ಡ ಕಮಲವನ್ನು ಇಬ್ಬರು ಕಳಿಸಿದ್ದರು. ಒಬ್ಬರು ಫ್ಲ್ಯಾಶ್ ಹಾಕಿ ತೆಗೆದಿದ್ದರು. ಎದುರಿನಿಂದ ಬಿದ್ದ ಬೆಳಕು ಎಲ್ಲ ಸಂದುಗಳನ್ನೂ ತುಂಬಿ, ಕಮಲ ತಟ್ಟೆಯಂತೆ ಚಪ್ಪಟೆಯಾಗಿತ್ತು. ಇನ್ನೊಬ್ಬ ಹುಡುಗ ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ನೆಲದ ಮೇಲೆ ಮಲಗಿಸಿ, ಹೊರಗಿನಿಂದ ಓರೆಯಾಗಿ ಬರುವ ಬೆಳಕಿನಲ್ಲೇ ತೆಗೆದಿದ್ದ. ಎಸಳು ಎಸಳಿನ ನಡುವೆ ನೆರಳು ಉಳಿದು ಕಮಲ ಕೆಳಕ್ಕೆ ಇಳಿದುಬಂದಂತಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿ ಕಲ್ಲನ್ನು ಕೆತ್ತಿದ್ದಷ್ಟೇ ಅಲ್ಲ, ನೆರಳು ಕೂಡ್ರಲು ಜಾಗ ಮಾಡಿಟ್ಟಿದ್ದಾನೆ ಎಂದು ನನಗೆ ತಿಳಿದದ್ದು ಆ ಹುಡುಗನಿಂದ.

ಶಿಶುವಿನಹಾಳದಿಂದ ಬಂದ ಚಿತ್ರದಲ್ಲಿ ಮರವೇ ಇಲ್ಲ. ನಡುಹಗಲು. ಒಂದು ಗೋಡೆಯ ಬುಡದಲ್ಲಿ ಮೊಳದಷ್ಟೇ ಅಗಲದ ನೆರಳಿನ ಪಟ್ಟಿ. ಅದರಲ್ಲಿ ಕಾಲು ಮಡಚಿಕೊಂಡು ಇಬ್ಬರು ಮುದುಕರು, ಒಬ್ಬರ ಹಣೆಯ ಮೇಲೆ ವಿಭೂತಿ, ಇನ್ನೊಬ್ಬರ ತಲೆಯ ಮೇಲೆ ಟೋಪಿ. ಮುಸ್ಲಿಂ ಮನೆತನದ ಶರೀಫರು ಬ್ರಾಹ್ಮಣ ಗುರು ಗೋವಿಂದಭಟ್ಟರ ನೆರಳಿನಲ್ಲಿ ಬೆಳೆದ ಕತೆ ನಮಗೆಲ್ಲ ಗೊತ್ತು. ಚಿತ್ರ ತೆಗೆದವರು ಅದನ್ನು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಹಿರೇಕೆರೂರು ಕಡೆಯ ಒಬ್ಬ ಹುಡುಗಿ ಮೂರು ಚಿತ್ರ ಜೋಡಿಸಿ ಕಳಿಸಿದ್ದಳು. ಗೋವಿನಜೋಳದ ಹೊಲ, ಬದುವಿನ ಮೇಲೆ ಬೇವಿನ ಗಿಡ, ಹಳೆ ಸೀರೆಯಲ್ಲಿ ಕೂಸು. ಮುಂಜಾನೆ ಕೂಸು ಗಿಡದ ಪಡುವಣಕ್ಕೆ, ಮಧ್ಯಾಹ್ನ ಬುಡಕ್ಕೆ, ಇಳಿಹೊತ್ತಿಗೆ ಮೂಡಣಕ್ಕೆ. ನೆರಳು ಸರಿದಂತೆ ತಾಯಿ ಕೆಲಸ ಬಿಟ್ಟು ಬಂದು ಕೂಸನ್ನು ಸರಿಸಿದ್ದಾಳೆ. ತಾಯಿ ಯಾವ ಚಿತ್ರದಲ್ಲೂ ಇಲ್ಲ. ಆದರೆ ಮೂರೂ ಅವಳವೇ. ಮೊದಲ ಬಹುಮಾನ ಇದಕ್ಕೆ.

ಎರಡನೆಯದು ಸವಣೂರಿನದು. ದೊಡ್ಡಹುಣಸೆ ಮಠದ ಆ ಮೂರು ಮರಗಳನ್ನು ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಆಫ್ರಿಕಾ ಮೂಲದ ಬಾವೋಬಾಬ್ ಅವು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಅಷ್ಟು ದೊಡ್ಡ ಮರವಾದರೂ ಬಿಸಿಲಿಗೆ ನೆರಳೆಂದರೆ ಕಾಂಡದ್ದೇ. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಮೇಲಾಯಿತು, ಮತ್ತೆ ಅದನ್ನು ಎತ್ತಿ ನಿಲ್ಲಿಸುವ ಕೆಲಸವೂ ನಡೆಯಿತು. ಮರ ಬಿದ್ದಿದ್ದ ದಿನಗಳಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತೆಗೆದ ಚಿತ್ರದಲ್ಲಿ ಮರ ಕಾಣುವುದಿಲ್ಲ. ಅದರ ನೆರಳು ಬೀಳುತ್ತಿದ್ದ ನೆಲ ಮಾತ್ರ ಕಾಣುತ್ತದೆ. ಇಲ್ಲದ್ದನ್ನು ತೋರಿಸಿಯೂ ಪದವನ್ನು ಹೇಳಬಹುದು.

ಇಲ್ಲದ್ದು ಎಂದೆ. ಈಗ ಸ್ಪರ್ಧೆಗೆ ಬಾರದ ಒಂದು ಚಿತ್ರದ ಬಗ್ಗೆ ಹೇಳಿ ಮುಗಿಸುತ್ತೇನೆ.

ಅದು 1980ರ ನಮ್ಮ ಹತ್ತನೆಯ ವರ್ಗದ ಗ್ರೂಪ್ ಫೋಟೋ. ಪ್ರತಿ ಒಂದಕ್ಕೆ ನಾಲ್ಕು ರೂಪಾಯಿ. ಹಣ ಕೂಡಿಸುವ ಕೆಲಸ ನನ್ನದು, ನಾನು ಮಾನಿಟರ್ ಆಗಿದ್ದೆ. ಒಬ್ಬ ಗೆಳೆಯ ಎರಡು ವಾರ “ನಾಳೆ ತರ್ತೀನಿ” ಎನ್ನುತ್ತ ಬಂದ. ಕೊನೆಯ ದಿನ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ. ಹಣ ಕೊಡದಿದ್ದರೆ ಫೋಟೋ ಸಿಗುವುದಿಲ್ಲ ಎಂದಷ್ಟೇ ಮಾಸ್ತರು ಹೇಳಿದ್ದರು, ನಿಲ್ಲಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೆ ಅವನು ನಿಲ್ಲಲಿಲ್ಲ. “ಬಾರೋ” ಎಂದು ನಾನೂ ಕರೆಯಲಿಲ್ಲ.

ಆ ಫೋಟೋ ನಲವತ್ತು ವರ್ಷ ನನ್ನ ಮನೆಯ ಗೋಡೆಯ ಮೇಲಿತ್ತು. ಈ ಸ್ಪರ್ಧೆಯ ಪದ ನಿಗದಿಯಾದ ಮೇಲೆ ಒಂದು ರಾತ್ರಿ ಅದನ್ನು ಇಳಿಸಿ ನೋಡಿದೆ. ಮುಂಜಾನೆಯ ಎಳೆಬಿಸಿಲು, ಸೂರ್ಯ ಫೋಟೋದವರ ಬೆನ್ನಿಗೆ. ಮುಂದಿನ ಸಾಲಿನವರ ಕಾಲಬಳಿ ಮೂರು ಕಾಲಿನ ಸ್ಟ್ಯಾಂಡಿನ ಉದ್ದ ನೆರಳು. ಅದರ ಪಕ್ಕದಲ್ಲಿ ಇನ್ನೊಂದು, ಸಣ್ಣದು. ಒಬ್ಬ ಹುಡುಗನ ತಲೆ, ಹೆಗಲಿಗೆ ಜೋತುಬಿದ್ದ ಪಾಟೀಚೀಲ. ಅಲ್ಲಿ ನಿಂತಿದ್ದವನು ಅವನೊಬ್ಬನೇ.

ಗೋವೆಯಲ್ಲಿ ಗೌಂಡಿ ಕೆಲಸ ಮಾಡಿಕೊಂಡಿರುವ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ತಪ್ಪು ಒಪ್ಪಿಕೊಂಡೆ. ಅವನು ನಕ್ಕ. “ಏ, ಕ್ಯಾಮೆರಾ ಹೆಂಗ ಇರತೈತಿ ಅಂತ ನೋಡಾಕ ನಿಂತಿದ್ನೋ ಮಾರಾಯಾ. ನೀವೆಲ್ಲಾ ಅದರಾಗ ತಲೆಕೆಳಗ ಕಾಣತಿದ್ರಿ” ಎಂದ. ನನ್ನ ಸಮಾಧಾನಕ್ಕೆ ಹಾಗೆ ಹೇಳಿದನೋ, ನಿಜವೇ ಹಾಗಿತ್ತೋ, ನಾನು ಕೇಳಲಿಲ್ಲ.

ಐವತ್ತು ವರ್ಷದಲ್ಲಿ ಈ ಶಾಲೆಯ ನೆರಳಿನಲ್ಲಿ ಬೆಳೆದವರೆಲ್ಲ ಗ್ರೂಪ್ ಫೋಟೋದಲ್ಲಿಲ್ಲ. ನಡುವೆ ಬಿಟ್ಟವರು, ಲಗ್ನವಾಗಿ ಹೋದ ಹುಡುಗಿಯರು, ಸುಗ್ಗಿಗೆ ಹೋಗಿ ಮರಳದವರು ಇದ್ದಾರೆ. ಸಮಿತಿಯವರಲ್ಲಿ ನನ್ನದೊಂದು ವಿನಂತಿ. ನಾಳೆ ಹಳೆಯ ವಿದ್ಯಾರ್ಥಿಗಳ ಫೋಟೋ ತೆಗೆಯುವಾಗ ಪಾಸಾದವರನ್ನಷ್ಟೇ ಕರೆಯಬೇಡಿ. ಒಂದು ದಿನವಾದರೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಬಂದು ನಿಲ್ಲಲಿ. ಹಣ ಕೂಡಿಸುವ ಕೆಲಸ ಈ ಸಲವೂ ನನಗೇ ಕೊಡಿ. ಈ ಸಲ ಯಾರ ಹೆಸರನ್ನೂ ಹೊಡೆಯುವುದಿಲ್ಲ. ನನ್ನ ಗೆಳೆಯ ಇವತ್ತು ರಾತ್ರಿಯ ಬಸ್ಸಿಗೆ ಹೊರಡುತ್ತೇನೆ ಎಂದಿದ್ದಾನೆ.