ಕೊಟ್ಟಿಗೆಯ ಸೆಖೆ ಅಳೆಯಲು ಅಂಗೈಯಗಲದ ಬೋರ್ಡು

(ಹಳೇಕೋಟೆಯ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಸಂಘದಲ್ಲಿ ಹಾಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಹೊಟ್ಟೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದರ ಹೆಸರು ಮೈಕ್ರೋಕಂಟ್ರೋಲರ್. ಒಪ್ಪಿಸಿದ ಒಂದೇ ಕೆಲಸವನ್ನು ಬೇಸರಿಸದೆ ಮಾಡುವ ಚಿಕ್ಕ ಕಂಪ್ಯೂಟರ್ ಅದು. ಅಂಥದಕ್ಕೆ ನಾವೇ ಕೆಲಸ ಕಲಿಸಬಹುದು. ಐ.ಟಿ.ಐ., ಡಿಪ್ಲೊಮಾ ಓದುವ ಮಕ್ಕಳು ಮನೆಯಲ್ಲಿ ತಂತಿ ಹರಡಿಕೊಂಡು ಕುಳಿತರೆ ಗದರಿಸಬೇಡಿ. ಕೊಟ್ಟಿಗೆಯ ಕೆಲಸವೊಂದನ್ನು ಒಪ್ಪಿಸಿ.

ಯಾವ ಕೆಲಸ? ಸೆಖೆ ಅಳೆಯುವುದು. ಮಿಶ್ರತಳಿ ಹಸುವಿಗೆ ಬರೀ ಬಿಸಿಗಿಂತ ಬಿಸಿಯೊಡನೆ ಸೇರುವ ತೇವ ಹೆಚ್ಚು ಕಾಡುತ್ತದೆ. ಎರಡನ್ನೂ ಕೂಡಿಸಿ ಹೇಳುವ ಲೆಕ್ಕವೇ ಉಷ್ಣ-ಆರ್ದ್ರತಾ ಸೂಚ್ಯಂಕ. ಅದು 72 ದಾಟಿದರೆ ಹಸು ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ, ಗರ್ಭ ಕಟ್ಟುವುದೂ ಕಷ್ಟವಾಗುತ್ತದೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ. 60 ತೇವವಿದ್ದರೆ ನಮಗೇನೂ ಅನ್ನಿಸದು. ಸೂಚ್ಯಂಕ ಆಗಲೇ 77!

ಕಲಿಯಲು ಆರ್ಡುಯಿನೊ ಊನೋ ಎಂಬ ಬೋರ್ಡು ಸಾಕು. ಎಲೆಕ್ಟ್ರಾನಿಕ್ಸ್ ಓದದವರಿಗೂ ಸುಲಭವಾಗಲೆಂದು 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ್ದು ಈ ಆರ್ಡುಯಿನೊ. ಊನೋದಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 32 ಕಿಲೋಬೈಟ್ ಮಾತ್ರ, ನಮ್ಮ ಕೆಲಸಕ್ಕೆ ಧಾರಾಳ. ಪ್ರೋಗ್ರಾಮಿನಲ್ಲಿ ಎರಡು ಭಾಗ: ಸೆಟಪ್ ಮತ್ತು ಲೂಪ್. ಕೊಟ್ಟಿಗೆ ಕಟ್ಟುವುದು ಒಂದು ಸಲ, ಸಗಣಿ ಬಾಚುವುದು ದಿನಾ. ಅಷ್ಟೇ ವ್ಯತ್ಯಾಸ. ಮೊದಲ ಪಾಠ, ಬೋರ್ಡಿನ ಮೇಲೇ ಇರುವ, 13ನೇ ಪಿನ್ನಿನ ದೀಪ ಮಿನುಗಿಸುವುದು. ಒಂದು ಸೆಕೆಂಡ್ ಕಾಯಲು 1000 ಎಂದು ಬರೆಯಬೇಕು, ಲೆಕ್ಕ ಮಿಲಿಸೆಕೆಂಡಿನಲ್ಲಿ. ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟರೆ ಕಂಪ್ಯೂಟರ್ ಪ್ರೋಗ್ರಾಮನ್ನು ಒಪ್ಪುವುದಿಲ್ಲ.

ಆಮೇಲೆ ಡಿ.ಎಚ್.ಟಿ.-22 ಸೆನ್ಸರ್ ಜೋಡಿಸಿ. ಎರಡು ಸೆಕೆಂಡಿಗೊಮ್ಮೆ ಉಷ್ಣಾಂಶ, ತೇವ ಎರಡನ್ನೂ ಓದಬಹುದು. ಉಷ್ಣಾಂಶವನ್ನು 0.8ರಿಂದ ಗುಣಿಸಿ. ಉಷ್ಣಾಂಶದಲ್ಲಿ 14.4 ಕಳೆದು, ಉಳಿದುದನ್ನು ತೇವದ ನೂರನೇ ಭಾಗದಿಂದ ಗುಣಿಸಿ. ಎರಡನ್ನೂ ಕೂಡಿ, 46.4 ಸೇರಿಸಿ. ಬಂದದ್ದೇ ಸೂಚ್ಯಂಕ. 72ಕ್ಕೆ ಫ್ಯಾನು ಹಾಕಿ, 70ಕ್ಕೆ ಇಳಿದ ಮೇಲೆ ಆರಿಸಿ. ಹಾಕಲೂ ಆರಿಸಲೂ ಒಂದೇ ಅಂಕಿ ಕೊಟ್ಟರೆ ರಿಲೇ ಟಕಟಕ ಎನ್ನುತ್ತಲೇ ಇರುತ್ತದೆ.

ಇನ್ನು ಕರೆಂಟಿನ ಮಾತು. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹಸು ನಾಲ್ಕು ಕಾಲನ್ನೂ ಒದ್ದೆ ನೆಲಕ್ಕೆ ಊರಿ ನಿಂತಿರುತ್ತದೆ. ನಮಗೆ ಜುಮ್ಮೆನ್ನಿಸಿ ಬಿಡುವ ಕರೆಂಟು ಅದರ ಪ್ರಾಣ ತೆಗೆಯಬಹುದು. ಆದ್ದರಿಂದ 230 ವೋಲ್ಟಿನ ತಂತಿಯನ್ನು ಮಕ್ಕಳು ಮುಟ್ಟಕೂಡದು. 12 ವೋಲ್ಟಿನ ಬ್ಯಾಟರಿ, ಅದಕ್ಕೆ ಹೊಂದುವ ಫ್ಯಾನು, ಇಷ್ಟರಲ್ಲೇ ಪ್ರಯೋಗ ಮುಗಿಯಲಿ. ದೊಡ್ಡ ಫ್ಯಾನು ಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೇ ಕಡಿಯುವ ಬ್ರೇಕರ್ ಎರಡನ್ನೂ ಹಾಕಿಸಿ.

ಸೆನ್ಸರನ್ನು ತಗಡಿನ ಸೂರಿಗೆ ಅಂಟಿಸಬೇಡಿ, ತಗಡಿನ ಕಾವೇ ಲೆಕ್ಕಕ್ಕೆ ಬಂದೀತು. ಹಸುವಿನ ಬೆನ್ನಿನ ಎತ್ತರಕ್ಕೆ, ಆದರೆ ಅದರ ನಾಲಿಗೆಗೆ ಎಟುಕದ ಕಡೆ ತೂಗುಹಾಕಿ.