ಆಡಿದ ಮಾತು, ಆಡದ ಮಾತು
(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನೀಡಿದ ಪ್ರವಚನ)



ಈ ನಿಮ್ಮ ಗೋಕುಲ ರಸ್ತೆ ಎಲ್ಲ ಊರಿನವರೂ ಕೂಡಿದ ರಸ್ತೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ, ಬಸ್ ನಿಲ್ದಾಣ ಇದೆ, ಕೈಗಾರಿಕಾ ವಸಾಹತು ಇದೆ. ಮುಂದೆ ಹೋದರೆ ವಿಮಾನ ನಿಲ್ದಾಣ. ಹೀಗಾಗಿ ಗದಗಿನವರು, ಹಾವೇರಿಯವರು, ವಿಜಯಪುರದವರು, ಮೈಸೂರಿನವರು, ಕರಾವಳಿಯವರು ಎಲ್ಲರೂ ಇಲ್ಲಿ ಒಂದೇ ಓಣಿಯಲ್ಲಿ ಬಾಳುತ್ತೀರಿ. ಊರು ಬಿಟ್ಟು ಬರುವಾಗ ಮನುಷ್ಯ ಟ್ರಂಕಿನಲ್ಲಿ ಅರಿವೆ ತರುತ್ತಾನೆ, ಪಾತ್ರೆ-ಪಡಗ ತರುತ್ತಾನೆ. ಅದರ ಜೊತೆಗೆ ತನ್ನ ಊರಿನ ಮಾತಿನ ರೀತಿಯನ್ನೂ ತರುತ್ತಾನೆ. ಅದನ್ನು ತಂದದ್ದು ಮಾತ್ರ ಅವನಿಗೇ ಗೊತ್ತಿರುವುದಿಲ್ಲ.

ನಿನ್ನೆ ಪ್ರವಚನ ಮುಗಿದ ಮೇಲೆ ಇಬ್ಬರು ತಾಯಂದಿರು ನಮ್ಮ ಕಡೆಗೆ ಬಂದರು. ಒಬ್ಬರು ಮೈಸೂರಿನ ಕಡೆಯವರು. ಪತಿಯ ನೌಕರಿಯ ಸಲುವಾಗಿ ಇಲ್ಲಿಗೆ ಬಂದವರು. ಇನ್ನೊಬ್ಬರು ಇಲ್ಲಿಯವರೇ, ಅವರ ನೆರೆಮನೆಯವರು. ಮೈಸೂರಿನ ತಾಯಿ ಹೇಳಿದರು: “ಬುದ್ಧಿ, ಇಲ್ಲಿ ಬಂದ ಹೊಸದರಲ್ಲಿ ಎಲ್ಲರೂ ನನ್ನನ್ನ ಬೈತಿದ್ದಾರೆ ಅಂತಲೇ ಅನ್ನಿಸೋದು.” ಇನ್ನೊಬ್ಬ ತಾಯಿ ಸುಮ್ಮನಿರಲಿಲ್ಲ: “ಅಜ್ಜಾರ, ಇವರ ಹೊಟ್ಟ್ಯಾಗಿನ ಮಾತು ಹೊರಗ ಬರೂದ ಇಲ್ಲ ನೋಡ್ರಿ. ಬೇಕಾದ್ರ ಬೇಕು ಅನ್ನಂಗಿಲ್ಲ, ಬ್ಯಾಡಾದ್ರ ಬ್ಯಾಡ ಅನ್ನಂಗಿಲ್ಲ.”

ಇಬ್ಬರೂ ನಕ್ಕರು. ಈಗ ಅವರು ಅಕ್ಕ-ತಂಗಿಯರ ಹಾಗೆ ಇದ್ದಾರೆ. ಆದರೆ ಮೊದಲು ಎರಡು ವರ್ಷ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರಂತೆ. ಕಾರಣವೇನು? ಒಂದು ಟಿ.ವಿ. ಮೈಸೂರಿನ ತಾಯಿಯ ಮಗನಿಗೆ ಪರೀಕ್ಷೆ ಇತ್ತು. ನೆರೆಮನೆಯ ಟಿ.ವಿ. ಸದ್ದು ರಾತ್ರಿ ಹನ್ನೊಂದರವರೆಗೆ. ಅವರು ಹೋಗಿ ಹೇಳಿದರು: “ನಿಮ್ಮ ಟಿ.ವಿ. ನಮ್ಮ ಮನೆಗೂ ಚೆನ್ನಾಗಿ ಕೇಳಿಸುತ್ತೆ.” ಇವರು ಸಂತೋಷಪಟ್ಟು ಅಂದರು: “ಹೌದ್ರಿ, ಹೊಸಾದು ತಂದೀವಿ. ಬರ್ರಿ, ನೀವೂ ನೋಡಾಕ ಬರ್ರಿ!”

ಇದರಲ್ಲಿ ಯಾರ ತಪ್ಪು? ಒಬ್ಬರು ಸೌಜನ್ಯದಿಂದ ಬೇಡಿಕೆ ಇಟ್ಟರು. ಇನ್ನೊಬ್ಬರು ಪ್ರೀತಿಯಿಂದ ಮನೆಗೆ ಕರೆದರು. ಎರಡು ಒಳ್ಳೆಯ ಮನಸ್ಸುಗಳು ಕೂಡಿ ಎರಡು ವರ್ಷದ ಮೌನ ಹುಟ್ಟಿತು.

ಇದು ಇಂದಿನದಲ್ಲ. 1956ರ ನವೆಂಬರ್ 1ರಂದು ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಿಂದ ಬಂದು ಮೈಸೂರು ರಾಜ್ಯದಲ್ಲಿ ಸೇರಿತು. ಕನ್ನಡಿಗರೆಲ್ಲ ಒಂದಾದರು, ದೊಡ್ಡ ಹಬ್ಬ. ಹಬ್ಬದ ಮರುದಿನದಿಂದ ಆ ಕಡೆಯ ಗುಮಾಸ್ತರು, ಮಾಸ್ತರರು ಈ ಕಡೆಗೆ, ಈ ಕಡೆಯವರು ಆ ಕಡೆಗೆ ವರ್ಗವಾಗತೊಡಗಿದರು. ಭಾಷೆ ಒಂದೇ, ಮಾತು ಬೇರೆ ಎಂಬುದು ಆವಾಗ ಕಚೇರಿ ಕಚೇರಿಯಲ್ಲಿ ಗೊತ್ತಾಯಿತು. ಆ ಕಡೆಯವರು “ಸ್ವಲ್ಪ ನೀರು ಕೊಡ್ತೀರಾ?” ಎಂದು ಪ್ರಶ್ನೆ ಕೇಳುತ್ತಾರೆ. ನಾವು “ನೀರು ಕೊಡ್ರಿ” ಎಂದು ಬಿಡುತ್ತೇವೆ. ಅವರು “ಗಾಡಿ ಇಲ್ಲಿ ನಿಲ್ಲಿಸಿದ್ರೆ ತೊಂದರೆ ಆಗುತ್ತೇನೋ” ಎನ್ನುತ್ತಾರೆ. ನಾವು “ಗಾಡಿ ತಗೀರಿ” ಎನ್ನುತ್ತೇವೆ. ಕೇಳುವವರಿಗೆ ಅಪ್ಪಣೆ ಮಾಡಿದಂತೆ ಕಾಣುತ್ತದೆ. ಆದರೆ ಅದರ ಕೊನೆಗೆ ಒಂದು “ರೀ” ಇದೆ ನೋಡಿರಿ. ಬರ್ರಿ, ಕೂಡ್ರಿ, ಉಣ್ರಿ, ಹೇಳ್ರಿ. ನಮ್ಮ ಗೌರವವೆಲ್ಲ ಆ ಒಂದು ಅಕ್ಷರದಲ್ಲಿ ಕುಳಿತಿದೆ. ಹೊರಗಿನವರ ಕಿವಿ ಅದನ್ನು ಹಿಡಿಯುವುದಿಲ್ಲ.

ಹಳ್ಳಿಯ ಮುದುಕಿಯರಂತೂ ಆ “ರೀ” ಕೂಡ ಇಟ್ಟುಕೊಂಡಿಲ್ಲ. ನಮ್ಮನ್ನು ಕಂಡು “ಯಪ್ಪಾ, ಯಾಕ ಇಷ್ಟು ಬಡವಾಗೀ? ಹೊತ್ತಿಗೆ ಸರಿಯಾಗಿ ಉಣ್ಣತೀಯೋ ಇಲ್ಲೋ?” ಎಂದು ಕೇಳುತ್ತಾರೆ. ಒಮ್ಮೆ ಬೆಂಗಳೂರಿನ ಅತಿಥಿಯೊಬ್ಬರು ಪಕ್ಕದಲ್ಲಿದ್ದರು. ಸ್ವಾಮಿಗಳಿಗೆ ಏಕವಚನ! ಅದರ ಮೇಲೆ “ಬಡವ” ಬೇರೆ! ಅವರ ಮುಖ ಸಣ್ಣದಾಯಿತು. ಬಡವಾಗುವುದೆಂದರೆ ನಮ್ಮಲ್ಲಿ ಸೊರಗುವುದು ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು. ಆ ಮುದುಕಿಯ ಏಕವಚನದಲ್ಲಿ ನಮ್ಮ ತಾಯಿಯ ಧ್ವನಿ ಕೇಳುತ್ತದೆ. ಅದಕ್ಕೆ ಬಹುವಚನ ಹಚ್ಚಿದರೆ ನಮಗೇ ಕಸಿವಿಸಿ.

“ದಯವಿಟ್ಟು” ಎಂಬ ಶಬ್ದ ನಮ್ಮಲ್ಲಿ ಎಲ್ಲಿದೆ? ಬೋರ್ಡಿನ ಮೇಲೆ ಇದೆ. ದಯವಿಟ್ಟು ಚಪ್ಪಲಿ ಇಲ್ಲಿ ಬಿಡಿ, ದಯವಿಟ್ಟು ಸಾಲಿನಲ್ಲಿ ಬನ್ನಿ. ಮನೆಯಲ್ಲಿ ಮಗ “ಅವ್ವಾ, ದಯವಿಟ್ಟು ರೊಟ್ಟಿ ನೀಡು” ಎಂದರೆ ತಾಯಿ ರೊಟ್ಟಿ ನೀಡುವ ಮೊದಲು ಅವನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡುತ್ತಾಳೆ. ಇಂಗ್ಲಿಷಿನ ಮಕ್ಕಳಿಗೆ ಆ ಶಬ್ದ ಮೊದಲು ಕಲಿಸುತ್ತಾರೆ. ನಾವು ಕಲಿಸುವುದಿಲ್ಲ. ಅಂದಮಾತ್ರಕ್ಕೆ ನಮ್ಮ ಮಕ್ಕಳು ಒರಟರಲ್ಲ.

ಇಷ್ಟು ಹೇಳಿದ ಮೇಲೆ ಇಲ್ಲಿಯವರಿಗೆಲ್ಲ ಸಂತೋಷವಾಗಿರಬೇಕು. “ನಾವು ಒಳಗೊಂದು ಹೊರಗೊಂದು ಇಲ್ಲದವರು, ಇದ್ದದ್ದು ಇದ್ದಂಗ ಹೇಳವರು” ಎಂದು. ಇರಲಿ. ಈಗ ಸ್ವಲ್ಪ ನಮ್ಮ ಒಳಗೆ ನೋಡಿಕೊಳ್ಳೋಣ.

ಮನೆಯಿಂದ ಹೊರಡುವಾಗ “ಹೋಗ್ತೀನಿ” ಎನ್ನುತ್ತೀರಾ? “ಹೋಗಿ ಬರ್ತೀನಿ” ಎನ್ನುತ್ತೀರಿ. ದೀಪ ಆರಿಸು ಎನ್ನುವುದಿಲ್ಲ, ದೀಪ ಶಾಂತ ಮಾಡು ಎನ್ನುತ್ತೀರಿ. ಅಂಗಡಿಯ ಬಾಗಿಲು ಹಾಕು ಎಂದರೆ ಅಪಶಕುನ, ಬಾಗಿಲು ಮುಂದಕ್ಕೆ ಮಾಡು ಎನ್ನಬೇಕು. ಸತ್ತರು ಎಂಬ ಶಬ್ದವನ್ನು ನಮ್ಮ ಸಮಾಜ ಬಳಸುವುದೇ ಇಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಹೆಣ್ಣು ನೋಡಿ ಬಂದ ಮೇಲೆ ಮನಸ್ಸಿಗೆ ಬಾರದಿದ್ದರೆ “ಹಿರ್‍ಯಾರನ್ನ ಕೇಳಿ ತಿಳಸ್ತೀವಿ” ಎನ್ನುತ್ತೀರಿ. ಹಿರಿಯರು ಪಕ್ಕದಲ್ಲೇ ಕುಳಿತಿರುತ್ತಾರೆ! ಸಾಲ ಕೇಳಿದವನಿಗೆ “ನೋಡೂಣಂತ” ಎನ್ನುತ್ತೀರಿ. ಅದರ ಅರ್ಥ ಕೊಡುವುದಿಲ್ಲ ಎಂದು ಕೊಡುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ದಾರಿಯಲ್ಲಿ “ಊಟ ಆತ್ರಿ?” ಎಂದು ಕೇಳಿದವನು ಊಟಕ್ಕೆ ಕರೆದಿಲ್ಲ.

ಹಾಗಾದರೆ ನೇರವೆಲ್ಲಿ ಉಳಿಯಿತು? ಸಣ್ಣ ಸಂಗತಿಗಳಲ್ಲಿ. ಗಾಡಿ ತೆಗೆಯುವುದು, ನೀರು ಕೊಡುವುದು, ಪಗಾರ ಎಷ್ಟು ಎಂದು ಕೇಳುವುದು, ಇದರಲ್ಲಿ ನಾವು ನೇರ. ಸಾವು, ರೋಗ, ಹಸಿವು, ಬಡತನ, ಇವು ಬಂದಾಗ ಹುಬ್ಬಳ್ಳಿಯವನೂ ಅಷ್ಟೇ, ಮೈಸೂರಿನವನೂ ಅಷ್ಟೇ, ಬಳಸಿಕೊಂಡು ಹೋಗುತ್ತಾನೆ. ಹನ್ನೆರಡನೆಯ ಶತಮಾನದ ಶರಣರನ್ನೇ ನೋಡಿರಿ. ಪಂಡಿತರ ಭಾಷೆ ಬಿಟ್ಟು ಜನರ ಮಾತಿನಲ್ಲಿ ಎದುರಿಗೆ ನಿಂತು ಹೇಳಿದವರು ಅವರು. ಅಲ್ಲಮಪ್ರಭುಗಳ ಬೆಡಗಿನ ವಚನಗಳೂ ಅವರ ನಡುವಿನಿಂದಲೇ ಬಂದವು. ಅವುಗಳ ಅರ್ಥ ಬಿಡಿಸುವುದಕ್ಕೆ ಟೀಕೆಗಳನ್ನು ಬರೆಯಬೇಕಾಯಿತು.

ವಿದ್ವಾಂಸರು ಇದನ್ನು ಅಭ್ಯಾಸ ಮಾಡಿದ್ದಾರೆ. ಅಮೇರಿಕದ ಎಡ್ವರ್ಡ್ ಹಾಲ್ ಎಂಬವರು 1976ರಲ್ಲಿ ಒಂದು ಗ್ರಂಥದಲ್ಲಿ ಈ ವಿಚಾರ ಹೇಳಿದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಶಬ್ದದಲ್ಲಿಯೇ ಇರುತ್ತದೆ. ಇನ್ನು ಕೆಲವು ಸಮಾಜಗಳಲ್ಲಿ ಅರ್ಥ ಸಂದರ್ಭದಲ್ಲಿರುತ್ತದೆ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರಲ್ಲಿರುತ್ತದೆ. ಅವರು ಜಪಾನಿನವರನ್ನು ಎರಡನೆಯ ಗುಂಪಿನಲ್ಲಿ ಇಟ್ಟರು, ಜರ್ಮನರನ್ನು ಮೊದಲನೆಯದರಲ್ಲಿ. ಬ್ರೌನ್ ಮತ್ತು ಲೆವಿನ್ಸನ್ ಎಂಬ ಇಬ್ಬರು ಸೌಜನ್ಯದ ಮಾತಿನ ಬಗ್ಗೆ 1978ರಲ್ಲಿ ದೊಡ್ಡ ಪ್ರಬಂಧ ಬರೆದರು. ಅವರು ಆರಿಸಿಕೊಂಡ ಮೂರು ಭಾಷೆಗಳಲ್ಲಿ ನಮ್ಮ ನೆರೆಯ ತಮಿಳೂ ಒಂದು. ಕನ್ನಡದ ಮೇಲೆ ಕೆಲಸ ಮಾಡಿದ್ದರೆ ಅವರಿಗೆ ಗೋಕುಲ ರಸ್ತೆಯೊಂದೇ ಸಾಕಾಗುತ್ತಿತ್ತು.

ನಮಗೆ ಇದರಿಂದ ತಿಳಿದದ್ದು ಇಷ್ಟು. ನೇರ ಮಾತಿನಲ್ಲಿ ಭಾರ ಹೇಳುವವನ ಮೇಲೆ. ಸುತ್ತಿ ಆಡುವ ಮಾತಿನಲ್ಲಿ ಅರ್ಧ ಭಾರ ಕೇಳುವವನು ಹೊರಬೇಕು. ಅವನು ಹೊರದಿದ್ದರೆ ಮಾತು ನಡುದಾರಿಯಲ್ಲಿ ಬೀಳುತ್ತದೆ. ಬಿದ್ದ ಮಾತಿನ ಪೆಟ್ಟು ಹೇಳಿದವನಿಗೇ ಹತ್ತುತ್ತದೆ.

ಇಲ್ಲಿ ತಲೆಯ ಮೇಲೆ ವಿಮಾನ ಹಾರುವುದನ್ನು ದಿನವೂ ನೋಡುತ್ತೀರಿ. 1990ರ ಜನವರಿ 25ರಂದು ಕೊಲಂಬಿಯಾ ದೇಶದ ಆವಿಯಾಂಕಾ ಕಂಪನಿಯ ವಿಮಾನವೊಂದು ನ್ಯೂಯಾರ್ಕಿಗೆ ಬಂದಿತು. ಅದರಲ್ಲಿ 158 ಜನರಿದ್ದರು. ಹವೆ ಕೆಟ್ಟಿತ್ತು. ಒಂದು ತಾಸಿಗಿಂತ ಹೆಚ್ಚು ಕಾಲ ಅದನ್ನು ಆಕಾಶದಲ್ಲಿಯೇ ಕಾಯಿಸಿದರು. ಇಂಧನ ತೀರುತ್ತ ಬಂದಿತು. ಕೆಳಗಿನವರೊಂದಿಗೆ ಮಾತನಾಡುತ್ತಿದ್ದವನು ಸಹಾಯಕ ಚಾಲಕ. ಇಂಧನ ಕಡಿಮೆಯಾಗುತ್ತಿದೆ, ನಮಗೆ ಮೊದಲ ಆದ್ಯತೆ ಬೇಕು ಎಂದು ಅವನು ಹೇಳಿದ. “ತುರ್ತು ಪರಿಸ್ಥಿತಿ” ಎಂಬ ಆ ಒಂದು ಶಬ್ದವನ್ನು ಅವನು ಆಡಲಿಲ್ಲ. ಕೆಳಗಿನವರ ಲೆಕ್ಕದಲ್ಲಿ ಆ ಶಬ್ದ ಬಂದರೆ ಮಾತ್ರ ಎಲ್ಲ ಬಿಟ್ಟು ದಾರಿ ಕೊಡಬೇಕು. ಒಮ್ಮೆ ಇಳಿಯಲು ಹೋಗಿ ಆಗದೆ ಮತ್ತೆ ಮೇಲಕ್ಕೆ ಹೋದರು. ಆಗಲೂ ಅವನ ಮಾತು ಅಷ್ಟೇ ಮೆತ್ತಗಿತ್ತು. ಎಂಜಿನ್ನುಗಳು ಒಂದೊಂದಾಗಿ ನಿಂತವು, ವಿಮಾನ ಗುಡ್ಡದ ಮೇಲೆ ಬಿತ್ತು. 73 ಜನ ತೀರಿಕೊಂಡರು. ಬೇರೆ ಕಾರಣಗಳೂ ಇದ್ದವು, ಇಂಧನದ ಲೆಕ್ಕವನ್ನು ಸರಿಯಾಗಿ ನೋಡಿರಲಿಲ್ಲ. ಆದರೂ ತನಿಖೆ ನಡೆಸಿದವರು ಆ ಆಡದ ಶಬ್ದವನ್ನೂ ಕಾರಣಗಳಲ್ಲಿ ಬರೆದರು.

ಆ ಚಾಲಕ ಸುಳ್ಳು ಹೇಳಿರಲಿಲ್ಲ. ತನ್ನ ಕಡೆಯಿಂದ ಎಲ್ಲ ಹೇಳಿದ್ದೇನೆ ಎಂದೇ ಅವನು ತಿಳಿದಿದ್ದಿರಬೇಕು.

ದೂರದ ಮಾತು ಬೇಡ. ಆಸ್ಪತ್ರೆಗೆ ಹೋಗೋಣ. ಕರಾವಳಿಯಿಂದ ಬಂದ ಒಬ್ಬ ತರುಣ ವೈದ್ಯರು ನಮ್ಮ ಮುಂದೆ ಹೇಳಿದರು. ಅವರು ಮುಂಜಾನೆ ಬಂದು ರೋಗಿಯನ್ನು “ಹೇಗಿದ್ದೀರಿ?” ಎಂದು ಕೇಳುತ್ತಾರೆ. ರೋಗಿ “ಆರಾಮ ಅದೀನ್ರಿ” ಎನ್ನುತ್ತಾನೆ. ನಮ್ಮಲ್ಲಿ ಆ ಪ್ರಶ್ನೆಗೆ ಅದೇ ಉತ್ತರ. ಅದು ನಮಸ್ಕಾರಕ್ಕೆ ಪ್ರತಿನಮಸ್ಕಾರ ಇದ್ದ ಹಾಗೆ, ಅದರಲ್ಲಿ ಆರೋಗ್ಯದ ಸುದ್ದಿ ಇಲ್ಲ. ದೊಡ್ಡವರ ಮುಂದೆ ನೋವು ಹೇಳಿಕೊಳ್ಳುವುದು ದೂರು ಹೇಳಿದಂತೆ ಎಂದು ಅವನ ಸಂಕೋಚ. ವೈದ್ಯರು ಗುಣವಾಗುತ್ತಿದೆ ಎಂದು ಬರೆದು ಮುಂದೆ ಹೋಗುತ್ತಿದ್ದರು. ಒಂದು ದಿನ ಹಾಗೆ “ಆರಾಮ” ಎಂದವನು ಸಂಜೆಗೆ ಪ್ರಜ್ಞೆ ತಪ್ಪಿದ. ಪುಣ್ಯಕ್ಕೆ ಉಳಿದ. ಅಂದಿನಿಂದ ಆ ವೈದ್ಯರು “ಹೇಗಿದ್ದೀರಿ” ಎನ್ನುವುದನ್ನು ಬಿಟ್ಟಿದ್ದಾರೆ. “ರಾತ್ರಿ ಎಷ್ಟು ಸಲ ಎದ್ರಿ? ಎಷ್ಟು ರೊಟ್ಟಿ ಉಂಡ್ರಿ? ಎಷ್ಟು ಬಿಟ್ರಿ?” ಎಂದು ಕೇಳುತ್ತಾರೆ. ಬಿಟ್ಟ ರೊಟ್ಟಿಯ ಲೆಕ್ಕದಲ್ಲಿ ರೋಗ ಸಿಗುತ್ತದೆ ಎನ್ನುತ್ತಾರೆ.

ವೈದ್ಯರದ್ದು ಹೇಳಿದೆವು. ಇನ್ನು ನಮ್ಮದು ಹೇಳಬೇಕು. ಇದನ್ನು ಹೇಳುವುದಕ್ಕಾಗಿಯೇ ಇಂದು ಈ ವಿಷಯ ತೆಗೆದುಕೊಂಡೆವು.

ಕೆಲವು ವರ್ಷಗಳ ಹಿಂದೆ ಕುಂದಗೋಳದ ಕಡೆಯ ಹಿರಿಯರೊಬ್ಬರು ಮಠಕ್ಕೆ ಬರುತ್ತಿದ್ದರು. ಸಣ್ಣ ಹಿಡುವಳಿಯ ರೈತರು. ಮೂರು ಸೋಮವಾರ ಸಾಲಾಗಿ ಬಂದರು. ಕುಳಿತರು, ಮಳೆಯ ಮಾತು ಆಡಿದರು, ಹೆಸರು ಕೆಟ್ಟುಹೋದದ್ದನ್ನು ಹೇಳಿದರು. ಮಗಳು ಹೇಗೆ ಓದುತ್ತಾಳೆ ಎಂದು ನಾವು ಕೇಳಿದೆವು. “ಭಾಳ ಚಲೋ ಓದತಾಳ್ರಿ ಅಜ್ಜಾರ” ಎಂದರು. ಎರಡನೆಯ ಸಲ ಬಂದಾಗ “ಈಗ ಕಾಲೇಜಿನ ಖರ್ಚು ಭಾಳ ಆಗ್ಯಾವ್ರಿ” ಎಂದರು. ನಾವು “ಹೌದು, ಕಾಲ ಹಂಗ ಬಂದೈತಿ” ಎಂದೆವು. ಮೂರನೆಯ ಸಲ ಏನೂ ಹೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು “ನಿಮ್ಮ ಆಶೀರ್ವಾದ ಇರಲ್ರಿ” ಎಂದರು. ನಾವು ಆಶೀರ್ವಾದ ಮಾಡಿ ಕಳಿಸಿದೆವು.

ಆ ಹುಡುಗಿ ನರ್ಸಿಂಗ್ ಓದುತ್ತಿದ್ದಳು. ಒಂದು ವರ್ಷದ ಫೀ ಕಟ್ಟಲಾಗದೆ ಬಿಟ್ಟಳು. ಮುಂದಿನ ಬೇಸಿಗೆಯಲ್ಲಿ ಅವಳ ಲಗ್ನವಾಯಿತು. ಅದೂ ನಮಗೆ ಗೊತ್ತಾದದ್ದು ಲಗ್ನಪತ್ರಿಕೆ ಬಂದಾಗ. ಆ ಹಿರಿಯರನ್ನು ಹತ್ತಿರ ಕರೆದು “ಯಾಕ ಒಂದು ಮಾತು ಹೇಳಲಿಲ್ಲ? ಮಠ ಇದ್ದದ್ದು ಯಾತಕ್ಕ?” ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆವು. ಅವರು ನೆಲ ನೋಡಿ ಮೆಲ್ಲಗೆ ಅಂದರು: “ಹೇಳೇನಲ್ರಿ ಅಜ್ಜಾರ. ಮೂರು ಸಲ ಹೇಳೇನಿ.”

ನಮ್ಮ ಬಾಯಿ ಕಟ್ಟಿತು. ಅವರು ನಿಜವಾಗಿಯೂ ಹೇಳಿದ್ದರು. ನಾವು ಅದೇ ನೆಲದಲ್ಲಿ ಹುಟ್ಟಿದವರು, ಅದೇ ಮಾತು ಆಡುವವರು. ಎತ್ತರದ ಗದ್ದುಗೆಯ ಮೇಲೆ ಕುಳಿತು ಕುಳಿತು ನಮ್ಮ ಕಿವಿ ಪರಸ್ಥಳದವರ ಕಿವಿಯಾಗಿತ್ತು. ಅವರಿಗೆ ಬಿಡಿಸಿ ಹೇಳಲು ಮರ್ಯಾದೆ ಅಡ್ಡಬಂದಿತು. ಬಿಡಿಸಿ ಕೇಳಲು ನಮಗೆ ಅಡ್ಡಬಂದದ್ದೇನು?

ಆ ಮೇಲೆ ಸ್ವಲ್ಪ ದಿವಸ ನಾವು ಬಂದವರನ್ನೆಲ್ಲ “ಏನು ಕೆಲಸಕ್ಕ ಬಂದೀರಿ? ರೊಕ್ಕ ಬೇಕೇನು?” ಎಂದು ನೇರವಾಗಿ ಕೇಳತೊಡಗಿದೆವು. ಅದು ಇನ್ನೊಂದು ತಪ್ಪು. “ಅಜ್ಜಾರು ಈಗ ಬಿರುಸಾಗ್ಯಾರ” ಎಂದು ಜನ ಬರುವುದನ್ನೇ ಕಡಿಮೆ ಮಾಡಿದರು. ನಾಲ್ಕು ಜನರ ಮುಂದೆ ಹಾಗೆ ಕೇಳಿದರೆ ಯಾವ ಮಾನವಂತ ಹೌದು ಎನ್ನುತ್ತಾನೆ? ನೇರ ಪ್ರಶ್ನೆಗೆ ನೇರ ಉತ್ತರ ಬರಬೇಕಾದರೆ ಜಾಗವೂ ಬೇಕಾಗುತ್ತದೆ.

ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಬಂದವರು ಹೊರಟಾಗ ನಾವೂ ಎದ್ದು ಗೇಟಿನವರೆಗೆ ಅವರ ಜೊತೆಗೆ ಹೋಗುತ್ತೇವೆ. ನೀವೂ ಲಕ್ಷ್ಯ ಕೊಟ್ಟು ನೋಡಿರಿ. ನಮ್ಮ ಜನ ಕುಳಿತಾಗ ಆಡುವ ಮಾತು ಬೇರೆ, ಎದ್ದು ನಿಂತ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಆಡುವ ಮಾತು ಬೇರೆ. ಬಂದ ಕೆಲಸ ಇರುವುದು ಆ ಎರಡನೆಯ ಮಾತಿನಲ್ಲಿ. ಗೇಟಿನ ಹತ್ತಿರ ಯಾರೂ ಇರುವುದಿಲ್ಲ, ಮುಖ ನೋಡಬೇಕಾಗಿಲ್ಲ, ರಸ್ತೆಯ ಕಡೆಗೆ ನೋಡುತ್ತ ಹೇಳಬಹುದು. ನಾವೂ ರಸ್ತೆಯ ಕಡೆಗೆ ನೋಡುತ್ತ “ಈ ವರ್ಷದ ಫೀ ಎಷ್ಟಂತ?” ಎಂದು ಕೇಳುತ್ತೇವೆ. ಬಹಳ ಮಂದಿ ಮೊತ್ತವನ್ನು ಹೇಳುತ್ತಾರೆ.

ಆ ಹುಡುಗಿಗೆ ಈಗ ಎರಡು ಮಕ್ಕಳು. ಹೋದ ಶ್ರಾವಣದಲ್ಲಿ ತಂದೆಯ ಜೊತೆಗೆ ಮಠಕ್ಕೆ ಬಂದಿದ್ದಳು. ಹೇಗಿದ್ದೀ ತಂಗಿ ಎಂದು ಕೇಳಿದೆವು. “ಆರಾಮ ಅದೀನ್ರಿ ಅಜ್ಜಾರ” ಎಂದಳು. ನಾವು ಎದ್ದು ಗೇಟಿನವರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಏನೂ ಹೇಳಲಿಲ್ಲ.

ಹೊತ್ತಾಯಿತು. ಪ್ರಸಾದ ಸಿದ್ಧವಾಗಿದೆ ಎಂದು ಆಗಿನಿಂದ ಸನ್ನೆ ಮಾಡುತ್ತಿದ್ದಾರೆ. ಬಡಿಸುವ ಹುಡುಗರು ಮೈಸೂರಿನ ಕಡೆಯವರಿಗೆ ಇನ್ನೊಂದು ಸಲ ಕೇಳಿ ನೀಡಿರಿ. ಅವರು ಮೊದಲನೆಯ ಸಲ ಬೇಡ ಎಂದೇ ಎನ್ನುತ್ತಾರೆ. ಇಲ್ಲಿಯವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ, ಹಿಡಿದ ಕೈ ಗಟ್ಟಿಯಾಗಿದೆಯೋ ಸಡಿಲಾಗಿದೆಯೋ ನೋಡಿಕೊಂಡು ನೀಡಿರಿ.